ಲೋಳೆಸರದ ಕ್ರೀಮಿಗೆ ಸಂರಕ್ಷಕ ಹಾಕಿದರೆ ಅದು ಸಾವಯವ ಅಲ್ಲವೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ. ತೋಟಕ್ಕೆ ಹಲವು ವರ್ಷಗಳಿಂದ ಹಟ್ಟಿಗೊಬ್ಬರದ ಹೊರತು ಬೇರೇನೂ ಹಾಕುತ್ತಿಲ್ಲ. ಮನೆಯದೇ ತೆಂಗಿನೆಣ್ಣೆ, ಲೋಳೆಸರದ ತಿರುಳು, ಕಸ್ತೂರಿ ಅರಿಶಿನ ಮತ್ತು ಜೇನುಮೇಣ ಸೇರಿಸಿ ಮುಖಕ್ಕೆ ಹಚ್ಚುವ ಕ್ರೀಮ್ ಮಾಡುತ್ತೇನೆ. ನೆಂಟರು ಕೇಳಿ ಪಡೆಯುತ್ತಾರೆ, ಮಾರುವ ಆಲೋಚನೆಯೂ ಇದೆ. ಆದರೆ ಈ ಮಳೆಗಾಲದಲ್ಲಿ ಎರಡೇ ವಾರಕ್ಕೆ ಡಬ್ಬಿಯೊಳಗೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಸಂರಕ್ಷಕ ಹಾಕಿ ಎಂದು ಒಬ್ಬರು ಹೇಳುತ್ತಾರೆ, ಹಾಕಿದರೆ ಅದು ಸಾವಯವವೇ ಅಲ್ಲ ಎಂದು ಇನ್ನೊಬ್ಬರು. ಯಾರ ಮಾತು ಸರಿ?

ಉತ್ತರ: ಮೊದಲನೆಯವರ ಮಾತು ಸರಿ. ಆದರೆ ಎರಡನೆಯವರ ತಪ್ಪು ಎಲ್ಲಿದೆ ಎಂಬುದನ್ನು ತಿಳಿಯಲು ನಿಮ್ಮ ಅಡುಗೆಮನೆಯಿಂದಲೇ ಆರಂಭಿಸುವುದು ಒಳ್ಳೆಯದು.

ಬೆಳಿಗ್ಗೆ ಹಿಂಡಿದ ಕಾಯಿಹಾಲು ಹೊರಗಿಟ್ಟರೆ ಸಂಜೆಯೊಳಗೆ ಹುಳಿಯಾಗುತ್ತದೆ. ಅದೇ ಕಾಯಿಹಾಲನ್ನು ಉರುಳಿಗೆ ಹಾಕಿ ನೀರೆಲ್ಲ ಆರುವ ತನಕ ಕಾಯಿಸಿ ತೆಗೆದ ಎಣ್ಣೆ, ಅಂದರೆ ನೆರೆಮನೆಯ ಮಲಯಾಳಿಗಳು ಹಸುಗೂಸುಗಳಿಗೆ ಹಚ್ಚಲು ಮಾಡಿಡುವ ‘ಉರುಕ್ಕು ವೆಳಿಚ್ಚೆಣ್ಣ’, ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ತೆಂಗಿನಕಾಯಿಯೂ ಒಂದೇ, ತೋಟವೂ ಒಂದೇ. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ನೀರು ಮಾತ್ರ. ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯಲು ನೀರು ಬೇಕು, ಶುದ್ಧ ಎಣ್ಣೆಯಲ್ಲಿ ಅವಕ್ಕೆ ನೆಲೆ ಇಲ್ಲ.

ನಮ್ಮ ಹಿರಿಯರು ಮೈಗೆ ಹಚ್ಚಿಕೊಳ್ಳುತ್ತಿದ್ದ ವಸ್ತುಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ಕಾಯಿಸಿದ ಎಣ್ಣೆ, ಒಣಗಿಸಿ ಕುಟ್ಟಿದ ಸೀಗೆಪುಡಿ, ಕಡಲೆಹಿಟ್ಟು, ಹಿಮ್ಮಡಿ ಒಡೆದರೆ ಹಚ್ಚುವ ಪುನರ್ಪುಳಿ ಬೀಜದ ತುಪ್ಪ, ಇವುಗಳಲ್ಲಿ ನೀರಿಲ್ಲ. ನೀರಿರುವ ದಾಸವಾಳದ ಗೊಂಪು, ಅರೆದ ಅರಿಶಿನ, ತೇಯ್ದ ಗಂಧ ಮುಂತಾದವುಗಳನ್ನು ಸ್ನಾನಕ್ಕೆ ಹೊರಡುವ ಹೊತ್ತಿಗೇ ಮಾಡಿ, ಉಳಿದದ್ದನ್ನು ಎಸೆಯುತ್ತಿದ್ದರು. ನಿನ್ನೆಯ ಗೊಂಪನ್ನು ಇಂದು ತಲೆಗೆ ಹಾಕಿಕೊಂಡವರನ್ನು ನಾನಂತೂ ಕಂಡಿಲ್ಲ. ಎಣ್ಣೆ ಕಾಯಿಸುವಾಗಲೂ ಬತ್ತಿಯನ್ನು ಅದರಲ್ಲಿ ಅದ್ದಿ ಉರಿಸಿ, ಚಟಚಟ ಸದ್ದು ಬಂದರೆ ನೀರು ಇನ್ನೂ ಉಳಿದಿದೆ ಎಂದು ಮತ್ತಷ್ಟು ಹೊತ್ತು ಒಲೆಯ ಮೇಲಿಡುತ್ತಿದ್ದರು. ಸಂರಕ್ಷಕದ ಅಗತ್ಯ ಬಾರದಂತೆ ನೋಡಿಕೊಂಡದ್ದೇ ಅವರ ಜಾಣ್ಮೆ.

ನೀರು ಮತ್ತು ಎಣ್ಣೆಯನ್ನು ಬೆರೆಸಿ, ಡಬ್ಬಿಗೆ ತುಂಬಿ, ದಿನವೂ ಬೆರಳು ಅದ್ದುತ್ತ ಎರಡು ಮೂರು ತಿಂಗಳು ಬಳಸುವ ಕ್ರೀಮ್ ಎಂಬುದು ಆ ಪರಂಪರೆಯಲ್ಲಿ ಇಲ್ಲದ ವಸ್ತು. ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಪಾಲು ನೀರೇ, ಉಳಿದದ್ದರಲ್ಲಿ ಬಹುಭಾಗ ಸೂಕ್ಷ್ಮಜೀವಿಗಳಿಗೆ ಇಷ್ಟವಾದ ಸಕ್ಕರೆಯ ಜಾತಿಯ ಪದಾರ್ಥಗಳು. ಜೇನುಮೇಣ ಆ ನೀರನ್ನು ಎಣ್ಣೆಯೊಂದಿಗೆ ಗಟ್ಟಿಯಾಗಿ ಬೆಸೆಯುವುದಿಲ್ಲ. ಹನಿಹನಿಯಾಗಿ ಒಳಗೆ ಅಡಗಿಸಿಡುತ್ತದೆ, ಅಷ್ಟೆ. ಆಟಿಯ ಮಳೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಇಂತಹ ಡಬ್ಬಿಗೆ ಎರಡು ವಾರ ದೀರ್ಘಾಯುಷ್ಯವೇ ಸರಿ. ನೀವು ಕಂಡ ಕಪ್ಪು ಚುಕ್ಕೆ ಬೂಷ್ಟಾಗಿರಬೇಕು. ಅದು ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಬಣ್ಣವಾಗಲಿ ವಾಸನೆಯಾಗಲಿ ಬದಲಾಗುವ ಮೊದಲೇ ಸೂಡೊಮೊನಾಸ್, ಸ್ಟೆಫೈಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಬೆಳೆದಿರಬಹುದು. ಅವು ಗಾಯವಾದ ಚರ್ಮಕ್ಕೋ ಕಣ್ಣಿಗೋ ತಗುಲಿದರೆ ಸೋಂಕು ತರುತ್ತವೆ.

ಇನ್ನು ‘ಸಾವಯವ’ ಎಂಬ ಪದದ ವಿಚಾರ. ನಿಮ್ಮ ಪೆರ್ಲ ಸೇರಿರುವ ಎಣ್ಮಕಜೆ ಪಂಚಾಯತಿನಲ್ಲಿ ಬದುಕುವವರಿಗೆ ಅದು ಜಾಹೀರಾತಿನ ಮಾತಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನೂ ಅದರ ಪರಿಣಾಮವನ್ನೂ ಕಂಡ ಊರು ಅದು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಆದ್ದರಿಂದ ರಾಸಾಯನಿಕ ಎಂಬ ಶಬ್ದ ಕೇಳಿದೊಡನೆ ನಿಮ್ಮ ಊರಿನವರು ಹಿಂಜರಿಯುವುದನ್ನು ನಾನು ಅಜ್ಞಾನವೆಂದು ಕರೆಯಲಾರೆ. ಆದರೆ ಸಾವಯವ ಎಂಬುದು ಬೆಳೆ ಹೇಗೆ ಬೆಳೆಯಿತೆಂದು ಹೇಳುವ ಪದ. ಕೊಯ್ದ ಮೇಲೆ ಅದು ಡಬ್ಬಿಯೊಳಗೆ ಎಷ್ಟು ದಿನ ಕೆಡದೆ ಉಳಿಯುತ್ತದೆ, ಚರ್ಮಕ್ಕೆ ಒಗ್ಗುತ್ತದೆಯೇ ಎಂಬುದರ ಬಗ್ಗೆ ಆ ಪದ ಏನನ್ನೂ ಹೇಳುವುದಿಲ್ಲ. ಗೊಬ್ಬರವೇ ಹಾಕದ ಗೇರುಮರದ ಬೀಜದ ಸಿಪ್ಪೆಯ ಸೊನೆ ತಗುಲಿದರೆ ಕೈ ಸುಟ್ಟು ಬೊಬ್ಬೆ ಏಳುವುದಿಲ್ಲವೇ?

ಸಾವಯವ ಸೌಂದರ್ಯವರ್ಧಕಗಳಿಗೆ ಯುರೋಪಿನಲ್ಲಿ ರೂಪಿಸಿರುವ ‘ಕಾಸ್ಮೋಸ್’ ಎಂಬ ಮಾನದಂಡವೂ ಸಂರಕ್ಷಕವನ್ನು ನಿಷೇಧಿಸಿಲ್ಲ. ಬೆಂಜೋಯಿಕ್ ಆಮ್ಲ, ಸಾರ್ಬಿಕ್ ಆಮ್ಲ, ಡಿಹೈಡ್ರೊಅಸೆಟಿಕ್ ಆಮ್ಲ, ಬೆಂಜೈಲ್ ಆಲ್ಕೋಹಾಲ್ ಮುಂತಾದ ಕೆಲವೇ ಸಂರಕ್ಷಕಗಳಿಗೆ ಅದು ಅನುಮತಿ ನೀಡಿದೆ. ಇವುಗಳಲ್ಲಿ ಬೆಂಜೋಯಿಕ್ ಆಮ್ಲವನ್ನು ಜನ ಮೊದಲು ಪಡೆದದ್ದು ನಾವು ದೇವರ ಮುಂದೆ ಧೂಪ ಹಾಕುವ ಸಾಂಬ್ರಾಣಿಯ ಅಂಟಿನಿಂದ. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಮಿಡಿ ಉಪ್ಪಿನಕಾಯಿಯಲ್ಲಿ ಉಪ್ಪಿನ ಕೆಲಸ ಏನೋ ಕ್ರೀಮಿನಲ್ಲಿ ಇದರ ಕೆಲಸವೂ ಅದೇ. ಭರಣಿಗೆ ಒದ್ದೆ ಸೌಟು ಹಾಕಿದವರನ್ನು ಗದರುವ ಮನೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರಮಾಣ ಮಾತ್ರ ಕಣ್ಣಂದಾಜಿನದ್ದಾಗಬಾರದು. ಚರ್ಮದ ಮೇಲೆ ಉಳಿಯುವ ಕ್ರೀಮುಗಳಲ್ಲಿ ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ ಶೇಕಡಾ 0.5 ಮೀರಬಾರದೆಂದು ಯುರೋಪಿನ ನಿಯಮವಿದೆ, ಅಂದರೆ 100 ಗ್ರಾಂ ಕ್ರೀಮಿಗೆ ಅರ್ಧ ಗ್ರಾಂ. ಇದನ್ನು ಅಳೆಯಲು ಚಮಚ ಸಾಲದು, ಗ್ರಾಮಿನ ಭಾಗವನ್ನೂ ತೋರಿಸುವ ಸಣ್ಣ ತಕ್ಕಡಿ ಬೇಕು. ಅಲ್ಲದೆ ಬೆಂಜೋಯಿಕ್ ಆಮ್ಲದ ಲವಣವಾದ ಸೋಡಿಯಂ ಬೆಂಜೋಯೇಟ್ ಕೆಲಸ ಮಾಡುವುದು ಕ್ರೀಮ್ ಸ್ವಲ್ಪ ಆಮ್ಲೀಯವಾಗಿದ್ದಾಗ ಮಾತ್ರ, ಪಿಎಚ್ ಸುಮಾರು 5ಕ್ಕಿಂತ ಕೆಳಗಿರಬೇಕು. ಆರೋಗ್ಯವಂತ ಚರ್ಮದ ಪಿಎಚ್ ಕೂಡ ಹೆಚ್ಚುಕಡಿಮೆ 4.5ರಿಂದ 5.5ರ ನಡುವೆ ಇರುವುದರಿಂದ ಇದು ತೊಂದರೆಯ ಮಾತಲ್ಲ. ಪಿಎಚ್ ಕಾಗದದ ಪಟ್ಟಿ ಇಟ್ಟುಕೊಂಡರೆ ಸಾಕು.

ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೆ ಸಾಕು ಎಂಬ ಸಲಹೆ ನಿಮಗೂ ಬಂದಿರಬಹುದು. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡೆಯುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಅರಿಶಿನ ಮತ್ತು ಕಹಿಬೇವಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇರುವುದು ನಿಜವಾದರೂ ಕ್ರೀಮಿಗೆ ಹಾಕುವ ಚಿಟಿಕೆಯಲ್ಲಿ ಆ ಶಕ್ತಿ ಇರುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಕೆಡುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆಮ್ಲೀಯವಾಗಲೆಂದು ನಿಂಬೆರಸ ಹಿಂಡುವ ಯೋಚನೆ ಇದ್ದರೆ ಅದನ್ನು ಖಂಡಿತ ಬಿಡಿ: ಅದರಲ್ಲಿರುವ ಫ್ಯೂರೊಕೌಮರಿನ್ ಎಂಬ ಪದಾರ್ಥ ಚರ್ಮದ ಮೇಲೆ ಉಳಿದು ಬಿಸಿಲು ಬಿದ್ದರೆ ಬೊಬ್ಬೆ ಎದ್ದು, ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು.

ಮಾರುವ ವಿಚಾರದಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ಕ್ರೀಮಿಗಿಂತ ನೀರಿಲ್ಲದ ಮುಲಾಮನ್ನೇ ಆರಿಸಿಕೊಳ್ಳಿ. ತೆಂಗಿನೆಣ್ಣೆ, ಜೇನುಮೇಣ ಮತ್ತು ಪುನರ್ಪುಳಿ ತುಪ್ಪವನ್ನು ಬಿಸಿಮಾಡಿ ಕರಗಿಸಿ, ಚೆನ್ನಾಗಿ ಒಣಗಿಸಿದ ಡಬ್ಬಿಗೆ ಹೊಯ್ದರೆ ಸಂರಕ್ಷಕದ ಚರ್ಚೆಯೇ ಉಳಿಯುವುದಿಲ್ಲ. ಆದರೂ ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ರಂಧ್ರ ಕಟ್ಟಿಸುವುದುಂಟು. ಆದ್ದರಿಂದ ಅದನ್ನು ಕೈ, ಕಾಲು, ತುಟಿಗೆಂದು ಕೊಡುವುದು ಮೇಲು. ಲೋಳೆಸರದ ತಿರುಳನ್ನು ಎಣ್ಣೆಯಲ್ಲಿ ಕಾಯಿಸಿ ಸೇರಿಸಬಹುದಾದರೂ ಅದರ ಸತ್ವ ಬಹುಪಾಲು ನೀರಿನಲ್ಲಿ ಕರಗುವಂಥದ್ದು, ನೀರಾರಿದ ಎಣ್ಣೆಯಲ್ಲಿ ಹೆಚ್ಚೇನೂ ಉಳಿಯದು. ಅದರ ತಂಪು ಬೇಕಾದವರು ಬೇಕಾದಾಗ ಎಲೆ ಕೊಯ್ದು, ತುರಿಕೆ ತರುವ ಹಳದಿ ಸೊನೆ ಸುರಿದುಹೋಗಲು ಸ್ವಲ್ಪ ಹೊತ್ತು ನಿಲ್ಲಿಸಿಟ್ಟು, ತಿರುಳನ್ನು ಹಸಿಯಾಗಿಯೇ ಹಚ್ಚಿಕೊಳ್ಳಲಿ. ಕ್ರೀಮಾಗಲಿ ಮುಲಾಮಾಗಲಿ, ಮಾರಾಟಕ್ಕೆಂದು ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಮನೆಯಲ್ಲೇ ಮಾಡಿದ್ದು ಎಂಬ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಈಗ ಚುಕ್ಕೆ ಬಿದ್ದಿರುವ ಡಬ್ಬಿಯಿಂದ ಮೇಲಿನ ಪದರವನ್ನಷ್ಟೇ ಕೆರೆದು ತೆಗೆದು ಉಳಿದದ್ದನ್ನು ಬಳಸಬೇಡಿ; ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರುತ್ತವೆ. ಅದೇ ದಿನ ಮಾಡಿದ್ದನ್ನು ನೆಂಟರಿಗೆ ಕೊಟ್ಟಿದ್ದರೆ ಅವರಿಗೂ ಒಂದು ಫೋನ್ ಮಾಡಿ ತಿಳಿಸಿ.