ಡಿಎನ್‌ಎ ಓದುವ ಯಂತ್ರಕ್ಕೆ ಅಳತೆ ಬರುವುದಿಲ್ಲ

ಡಿಎನ್‌ಎ ಓದುವ ಸೀಕ್ವೆನ್ಸರ್‌ಗೆ ಒಂದು ವಿಚಿತ್ರ ಗುಣವಿದೆ. ಟ್ಯೂಬಿನಲ್ಲಿ ಡಿಎನ್‌ಎ ಸ್ವಲ್ಪವೇ ಇರಲಿ, ಜಾಸ್ತಿ ಇರಲಿ, ಒಂದು ಕೋಟಿ ತುಣುಕು ಓದು ಅಂದರೆ ಅದು ಹೆಚ್ಚುಕಡಿಮೆ ಒಂದು ಕೋಟಿ ತುಣುಕನ್ನೇ ಓದಿ ಕೊಡುತ್ತದೆ. ಯಾವುದರ ಪಾಲು ಎಷ್ಟು ಅನ್ನುವುದು ಸಿಗುತ್ತದೆ. ಒಟ್ಟು ಎಷ್ಟಿತ್ತು? ಅದು ಮಾತ್ರ ಸಿಗುವುದಿಲ್ಲ.

ಇದರಿಂದಾಗುವ ಎಡವಟ್ಟು ನೋಡಿ. ಒಂದು ಸ್ಯಾಂಪಲ್‌ನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಸಮಸಮ ಇವೆ. ಔಷಧಿ ಹಾಕಿದ ಮೇಲೆ ಮೊದಲನೆಯದರಲ್ಲಿ ಅರ್ಧ ಇಲ್ಲವಾಯಿತು, ಎರಡನೆಯದು ಇದ್ದಷ್ಟೇ ಇದೆ. ಮತ್ತೆ ಓದಿಸಿದರೆ ಎರಡನೆಯದರ ಪಾಲು ಶೇ. 50ರಿಂದ ಶೇ. 67ಕ್ಕೆ ಏರಿರುತ್ತದೆ. ಪಾಪ, ಅದು ಸುಮ್ನೆ ಕೂತಿತ್ತು ಅಷ್ಟೇ!

ಇದಕ್ಕೆ ಉಪಾಯ ಸರಳ. ಎಷ್ಟಿದೆ ಅಂತ ಗೊತ್ತಿರುವ ಕೃತಕ ತುಣುಕುಗಳನ್ನು ನಾವೇ ಮೊದಲು ಬೆರೆಸಿಬಿಡುವುದು. ಪ್ರಯೋಗಾಲಯದಲ್ಲಿ ಇದನ್ನು ಸ್ಪೈಕ್-ಇನ್ ಅನ್ನುತ್ತಾರೆ. 1,000 ಹಾಕಿದೆವು, ಓದಿನಲ್ಲಿ 100 ಸಿಕ್ಕಿತು. ಹಾಗಾದರೆ 500 ಸಲ ಸಿಕ್ಕ ತುಣುಕು ಮೂಲದಲ್ಲಿ ಸುಮಾರು 5,000 ಇದ್ದಿರಬೇಕು. ಆರ್‌ಎನ್‌ಎ ಅಳೆಯುವವರಿಗೆ 92 ಕೃತಕ ಆರ್‌ಎನ್‌ಎಗಳ ಸಿದ್ಧ ಮಿಶ್ರಣವೇ ಇದೆ. ಆದರೆ ಬೆರೆಸುವ ಕೆಲಸ ಆದಷ್ಟು ಮೊದಲೇ ಆಗಬೇಕು. ದಾರಿಯಲ್ಲಿ ಸ್ಯಾಂಪಲ್ ಎಷ್ಟು ಕಳೆದುಹೋಗುತ್ತದೋ, ಬೆರೆಸಿದ್ದೂ ಅಷ್ಟೇ ಕಳೆದುಹೋದರೆ ಲೆಕ್ಕ ತಾಳೆಯಾಗುತ್ತದೆ.

ಇನ್ನೊಂದು ತೊಡಕು ಪಿಸಿಆರ್. ಓದುವ ಮೊದಲು ತುಣುಕುಗಳನ್ನು ನಕಲು ಮಾಡಿ ಹೆಚ್ಚಿಸುತ್ತಾರೆ. ಒಂದು ತುಣುಕು ಪ್ರತಿ ಸುತ್ತಿಗೂ 2 ಪಟ್ಟು ಆಗುತ್ತದೆ, ಇನ್ನೊಂದು 1.9 ಪಟ್ಟು ಅಂದುಕೊಳ್ಳಿ. ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? 20 ಸುತ್ತು ಕಳೆದಾಗ ಮೊದಲನೆಯದು ಎರಡನೆಯದರ ಸುಮಾರು 2.8 ಪಟ್ಟು ಆಗಿರುತ್ತದೆ. ಅದಕ್ಕೇ ನಕಲು ಮಾಡುವ ಮುಂಚೆ ಪ್ರತಿ ತುಣುಕಿಗೂ ಒಂದೊಂದು ಚೀಟಿ ಅಂಟಿಸುತ್ತಾರೆ. ಚೀಟಿ ಅಂದರೆ ಹತ್ತು ಅಕ್ಷರದ ಪುಟ್ಟ ಡಿಎನ್‌ಎ. ಡಿಎನ್‌ಎಯಲ್ಲಿರುವ ನಾಲ್ಕೇ ಅಕ್ಷರಗಳಿಂದ (A, T, G, C) ಇಂಥವು 10 ಲಕ್ಷಕ್ಕೂ ಹೆಚ್ಚು ಆಗುತ್ತವೆ. ಒಂದೇ ತುಣುಕು, ಒಂದೇ ಚೀಟಿ ಎಷ್ಟು ಸಲ ಬಂದರೂ ಲೆಕ್ಕಕ್ಕೆ ಒಂದೇ.

ಪಾಲು ಗೊತ್ತಾದರೆ ಸಾಕು ಅನ್ನುವ ಕಡೆಯೂ ಇದೆ. ಗರ್ಭಿಣಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಅಂತ 1997ರಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಮತ್ತು ಜೊತೆಗಾರರು ತೋರಿಸಿದರು. ಸರಿಯಾಗಿ ಹೇಳಬೇಕೆಂದರೆ ಅವು ಹೆಚ್ಚಾಗಿ ಮಾಸಿನಿಂದ ಬಂದವು. ಇವುಗಳ ಪಾಲು ಶೇ. 10 ಇದೆ ಅನ್ನೋಣ. 21ನೇ ಕ್ರೋಮೋಸೋಮಿನ 100 ತುಣುಕಿನಲ್ಲಿ 10 ಮಗುವಿನವು. ಡೌನ್ ಸಿಂಡ್ರೋಮ್ ಇದ್ದರೆ ಆ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆ. ಆಗ 10 ಇದ್ದದ್ದು 15, ಒಟ್ಟು 105. ಬರೀ 100 ಎಣಿಸಿದರೆ ಹತ್ತು ಆಚೆ ಈಚೆ ಆಗುವುದು ಮಾಮೂಲು, ಈ ಐದು ಅದರಲ್ಲೇ ಮುಳುಗಿಹೋಗುತ್ತದೆ. ಒಂದು ಲಕ್ಷ ಎಣಿಸಿದರೆ ಆ ಏರುಪೇರು ಸುಮಾರು 316, ಏರಿಕೆ 5,000.