ಸ್ಕ್ರೂ ಬಿಡಿ, ಗಾಡಿ ಎಲ್ಲಿ ಮುಗ್ಗರಿಸುತ್ತೆ ಅಂತ ಹೇಳಿ

ಆರ್‌ಎಕ್ಸ್ 100 ತಂದವರಿರಲಿ, ಯೆಜ್ಡಿ ತಂದವರಿರಲಿ, ಈ ಹಳೇ ಬೈಕಿನವರೆಲ್ಲ ನನ್ನ ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಹಾಕುವ ಮೊದಲೇ ಒಂದು ಮಾತು ಹೇಳಿಬಿಡುತ್ತಾರೆ. "ಅಣ್ಣಾ, ಕಾರ್ಬೊರೇಟರ್ ಟ್ಯೂನಿಂಗ್ ಹೋಗಿದೆ, ಒಂಚೂರು ಸ್ಕ್ರೂ ನೋಡಿ." ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ. ಬಗ್ಗಿ ನೋಡಿದರೆ ಅದರಲ್ಲಿ ಗಾಳಿಯ ಪಾಲು ಹೊಂದಿಸುವ ಏರ್ ಸ್ಕ್ರೂನ ತಲೆ ಸವೆದು ನುಣ್ಣಗಾಗಿರುತ್ತದೆ. ಇವರು, ಪಕ್ಕದ ಮನೆ ಹುಡುಗ, ಪಂಕ್ಚರ್ ಅಂಗಡಿಯವರು, ಎಲ್ಲರೂ ಒಂದು ಕೈ ನೋಡಿ ಆಗಿದೆ ಅಂತ ಆಗಲೇ ಗೊತ್ತಾಗುತ್ತದೆ.

ಟ್ಯೂನಿಂಗ್ ತಾನಾಗಿ ಹೋಗುವುದು ಬಹಳ ಅಪರೂಪ, ಸ್ವಾಮಿ. ಸ್ಕ್ರೂ ಅಲ್ಲಾಡಬಾರದು ಅಂತಲೇ ಅದಕ್ಕೊಂದು ಸ್ಪ್ರಿಂಗ್ ಕೊಟ್ಟಿರುತ್ತಾರೆ. ನಿನ್ನೆ ಚೆನ್ನಾಗಿದ್ದ ಗಾಡಿ ಇವತ್ತು ಕೈ ಕೊಟ್ಟಿದೆ ಎಂದರೆ ಬೇರೆ ಏನೋ ಕೆಟ್ಟಿದೆ. ಸ್ಕ್ರೂ ತಿರುಗಿಸಿದರೆ ಅದು ಎರಡು ದಿನ ಮುಚ್ಚಿಕೊಳ್ಳಬಹುದು, ಸರಿ ಹೋಗುವುದಿಲ್ಲ.

ನಾನು ದಿನಾ ಹೇಳಿ ಸೋತ ವಿಷಯಕ್ಕೆ ಬರುತ್ತೇನೆ. ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಇರುವುದು ಒಂದೇ ದಾರಿಯಲ್ಲ. ಸ್ಲೋನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಓಡುತ್ತಾ ನಿಂತಾಗ ಮತ್ತು ಎಕ್ಸಿಲರೇಟರ್ ಕಾಲು ಭಾಗ ತಿರುಗಿಸುವವರೆಗೆ ಪೈಲಟ್ ಜೆಟ್ ಅನ್ನುವ ಸಣ್ಣ ತೂತಿನ ಹಿತ್ತಾಳೆ ತುಂಡಿನದೇ ಕೆಲಸ, ಪೆಟ್ರೋಲ್ ಬರುವುದು ಅದರ ಮೂಲಕ. ಏರ್ ಸ್ಕ್ರೂ ಮಾತು ನಡೆಯುವುದೂ ಅಲ್ಲಿ ಮಾತ್ರ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಎಕ್ಸಿಲರೇಟರ್ ಜೊತೆ ಮೇಲೆ ಕೆಳಗೆ ಆಡುವ ಸ್ಲೈಡಿನಲ್ಲಿ ನೇತಾಡುವ ನೀಡಲ್ (ಸೂಜಿ) ಲೆಕ್ಕ ನೋಡಿಕೊಳ್ಳುತ್ತದೆ. ಅದರಾಚೆಗೆ ಮೇನ್ ಜೆಟ್. ಗೆರೆ ಎಳೆದ ಹಾಗೆ ಬೇರೆ ಬೇರೆ ಅಲ್ಲ, ಒಂದರ ಕೆಲಸದೊಳಗೆ ಇನ್ನೊಂದು ಸ್ವಲ್ಪ ಸೇರಿಕೊಂಡಿರುತ್ತದೆ. ಆದರೂ ಫುಲ್ ರೇಸ್ ಕೊಟ್ಟಾಗ ಗಾಡಿ ಕೆಮ್ಮುತ್ತದೆ ಅಂತ ಏರ್ ಸ್ಕ್ರೂ ತಿರುಗಿಸುವುದು, ಅಡುಗೆಮನೆಯ ನಲ್ಲಿ ಸೋರುತ್ತಿದ್ದರೆ ಬಚ್ಚಲುಮನೆಯ ನಲ್ಲಿ ರಿಪೇರಿ ಮಾಡಿದ ಹಾಗೆ.

ಆದ್ದರಿಂದ ನನ್ನ ಮೊದಲ ಪ್ರಶ್ನೆ, "ಎಷ್ಟು ರೇಸ್ ಕೊಟ್ಟಾಗ ಮಿಸ್ಸಿಂಗ್?" ಉತ್ತರ ಮಾತ್ರ ಯಾವಾಗಲೂ ಕಿಲೋಮೀಟರಿನಲ್ಲೇ ಬರುತ್ತದೆ. "ಐವತ್ತರಲ್ಲಿ ಸರ್." ಐವತ್ತು ಅಂದರೆ ಇಳಿಜಾರಿನಲ್ಲಿ ಕಾಲು ರೇಸೂ ಆಗಬಹುದು, ಏರಿನಲ್ಲಿ ಪೂರ್ತಿಯೂ ಆಗಬಹುದು. ಸ್ಪೀಡು ಬೇಡ, ನಿಮ್ಮ ಕೈ ಎಲ್ಲಿತ್ತು ಹೇಳಿ. ಎಕ್ಸಿಲರೇಟರ್ ಹಿಡಿ ಮೇಲೆ ಒಂದು ಚೂರು ಟೇಪ್ ಅಂಟಿಸಿ, ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕಿ, ಗೊತ್ತಿರುವ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ಅರ್ಧ ರಿಪೇರಿ ಅಲ್ಲೇ ಆಯಿತು.

ಸ್ಲೋನಲ್ಲಿ ನಿಲ್ಲುತ್ತಿಲ್ಲ, ಚೋಕ್ ಎಳೆದರೆ ಮಾತ್ರ ಉಸಿರಾಡುತ್ತದೆ ಎಂದರೆ ಸಾಮಾನ್ಯವಾಗಿ ಪೈಲಟ್ ಜೆಟ್ ಕಟ್ಟಿಕೊಂಡಿರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಅದಕ್ಕೆ ಚಾಲನೆ ಕೊಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು, ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲಿನ ತಳಕ್ಕೆ ಕೂತರೆ ಜೆಟ್ ಸೇರುವುದು ಅದೇ. ಎಲ್ಲ ತೊಂದರೆಗೂ ಎಥನಾಲೇ ಕಾರಣ ಅನ್ನುವವನು ನಾನಲ್ಲ. ಆದರೆ ಗಾಡಿ ಜಾಸ್ತಿ ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಬಂದ್ ಮಾಡಿ ಬೌಲ್ ಖಾಲಿ ಮಾಡಿ. ಡ್ರೈನ್ ಸ್ಕ್ರೂ ಇರುವುದು ಅದಕ್ಕೇ.

ಜೆಟ್ಟಿಗೆ ದಯವಿಟ್ಟು ಪಿನ್ನು ಚುಚ್ಚಬೇಡಿ. ಅದು ಮೆತ್ತನೆಯ ಹಿತ್ತಾಳೆ, ಪೈಲಟ್ ಜೆಟ್ಟಿನ ತೂತಂತೂ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಒಂದು ಸಲ ಅಗಲವಾದರೆ ಅದರ ಮೇಲಿನ ಅಳತೆ ನಂಬರಿಗೆ ಅರ್ಥವೇ ಇಲ್ಲ.

ರೇಸ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇದ್ದರೆ ಕಥೆ ಬೇರೆ. ಕೇಬಲ್, ಸ್ಲೈಡ್ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿಯಾದ ಮೇಲೆ, ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಜಾಯಿಂಟ್ ಬಿರಿದಿದೆಯಾ ನೋಡಿ. ಕಳ್ಳ ಗಾಳಿ ಒಳಗೆ ಹೋದರೆ ಪೆಟ್ರೋಲ್ ಸಾಲುವುದಿಲ್ಲ, ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಆರ್‌ಎಕ್ಸ್, ಹಳೇ ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಇದು ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲುವ ದಾರಿ. ಇಂಥ ಗಾಡಿಗೆ ಸ್ಕ್ರೂ ತಿರುಗಿಸಿ "ಸರಿ ಹೋಯ್ತು" ಅಂತ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಾರ್ಬೊರೇಟರ್ ಪಾಪದ್ದು, ಮಾಡದ ತಪ್ಪಿಗೂ ಬೈಸಿಕೊಳ್ಳುತ್ತದೆ. ಶ್ರೀರಂಗಪಟ್ಟಣ ಕಡೆಯ ಮೇಷ್ಟ್ರೊಬ್ಬರ ಯೆಜ್ಡಿ ಸ್ವಲ್ಪ ದೂರ ಓಡಿ ನಿಂತುಬಿಡುತ್ತಿತ್ತು. ಬೇರೆ ಕಾರ್ಬೊರೇಟರ್ ಕೂಡ ಹಾಕಿಸಿ ಆಗಿತ್ತು. "ನಿಂತಾಗ ಏನು ಮಾಡ್ತೀರಿ ಮೇಷ್ಟ್ರೇ?" ಅಂದೆ. "ಪೆಟ್ರೋಲ್ ಇದೆಯಾ ಅಂತ ಟ್ಯಾಂಕ್ ಮುಚ್ಚಳ ತೆಗೆದು ನೋಡ್ತೀನಿ. ಇರುತ್ತೆ. ಅಷ್ಟರಲ್ಲಿ ಗಾಡಿ ಸುಧಾರಿಸಿಕೊಂಡು ಸ್ಟಾರ್ಟ್ ಆಗುತ್ತಪ್ಪ." ಗಾಡಿ ಸುಧಾರಿಸಿಕೊಳ್ಳುತ್ತಿದ್ದುದು ವಿಶ್ರಾಂತಿಯಿಂದಲ್ಲ, ಮುಚ್ಚಳ ತೆಗೆದದ್ದರಿಂದ! ಭಾನುವಾರ ಬಂತೆಂದರೆ ಪಾಲಿಶ್ ಹಾಕಿ ಉಜ್ಜುವ ಅಭ್ಯಾಸ ಅವರದು. ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಆ ಪಾಲಿಶ್‌ನಲ್ಲೇ ಮುಚ್ಚಿಹೋಗಿತ್ತು. ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುತ್ತಿರಲಿಲ್ಲ. ಹೇಳಿದಾಗ ಮೇಷ್ಟ್ರು ನಂಬಲಿಲ್ಲ. ಮುಚ್ಚಳ ಸಡಿಲ ಬಿಟ್ಟು ಒಂದು ಸುತ್ತು ಹೊಡೆಸಿದ ಮೇಲೆ ನಂಬಿದರು.

ಇಷ್ಟಾದರೂ ಕೆಲವರಿಗೆ ಸ್ಕ್ರೂ ಮುಟ್ಟದೆ ಕೈ ನಿಲ್ಲುವುದಿಲ್ಲ, ನನಗೆ ಗೊತ್ತು. ಹಾಗಾದರೆ ಮೊದಲು ಅದು ಯಾವ ಕಡೆ ಇದೆ ನೋಡಿ. ಆರ್‌ಎಕ್ಸಿನ ಹಾಗೆ ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಮಿಕ್ಸ್‌ನಲ್ಲಿ ಪೆಟ್ರೋಲ್ ಪಾಲು ಜಾಸ್ತಿ. ಇಂಜಿನ್ ಕಡೆ ಇದ್ದರೆ ಸಾಮಾನ್ಯವಾಗಿ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ. ಎರಡೂ ಉಲ್ಟಾ. ಒಂದು ಗಾಡಿಯಲ್ಲಿ ಕಲಿತದ್ದನ್ನು ಇನ್ನೊಂದರ ಮೇಲೆ ಪ್ರಯೋಗಿಸಿ ಕೆಡಿಸಿಕೊಂಡವರು ಬೇಕಾದಷ್ಟು ಜನ.

ಮುಟ್ಟುವ ಮೊದಲು ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಎಣಿಸಿ. ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಆ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು, ಸ್ಕ್ರೂವನ್ನು ಮತ್ತೆ ಅಷ್ಟೇ ಸುತ್ತು ಹೊರಗೆ ತನ್ನಿ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ಮಾತ್ರ ಆಡಿಸಿ ನೋಡಿ. ಸರಿ ಹೋಗದಿದ್ದರೆ ಚೀಟಿಯಲ್ಲಿದ್ದ ಲೆಕ್ಕಕ್ಕೇ ವಾಪಸ್ ಇಟ್ಟು ಗಾಡಿ ತನ್ನಿ, ಚೀಟಿಯನ್ನೂ ತನ್ನಿ. ಚೀಟಿ ತಂದವರ ಗಾಡಿಯನ್ನು ನಾನು ಮೊದಲು ನೋಡುತ್ತೇನೆ.