ಕೆಲ್ಸಕ್ಕೆ ಬಾರದ್ದು ಅನ್ಕೊಂಡಿದ್ದ ನಂಬರು ಫೋನಿನೊಳಗೆ ಬಂದು ಕೂತಿದ್ದು ಹೇಗೆ

2147483647. ನಮ್ ಲೆಕ್ಕದಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647. ಪ್ರೋಗ್ರಾಮಿಂಗ್ ಮಾಡೋರಿಗೆ ಇದು ಬಾಯಿಪಾಠ. ಎರಡನ್ನ ಎರಡರಿಂದ ಗುಣಿಸ್ತಾ ಹೋಗಿ 31 ಎರಡು ಆದ್ಮೇಲೆ ಒಂದು ಕಳೀರಿ, ಇದು ಸಿಗುತ್ತೆ.

ಇದು ಅವಿಭಾಜ್ಯ ಸಂಖ್ಯೆ ಅಂತ ಮೊದ್ಲು ಹೇಳ್ದೋನು ಇಟಲಿಯ ಗಣಿತಜ್ಞ ಕಟಾಲ್ಡಿ, 1603ರಲ್ಲಿ. ಆದ್ರೆ ಪ್ರೂಫ್ ಇರ್ಲಿಲ್ಲ, ಅದ್ರ ಜೊತೆಗೇ ಎರಡರ 23, 29, 37ನೇ ಘಾತದಲ್ಲಿ ಒಂದು ಕಳೆದ್ರೆ ಬರೋವೂ ಅವಿಭಾಜ್ಯವೇ ಅಂದ್ಬಿಟ್ಟಿದ್ದ, ಆ ಮೂರೂ ತಪ್ಪು. 23ರದ್ದು 47ರಿಂದಾನೇ ಭಾಗ ಹೋಗುತ್ತೆ! ಹಾಗಾಗಿ 31 ಸರಿಯಾಗಿದ್ದು ಅವನ ಅದೃಷ್ಟ ಅಂತಾನೇ ನನ್ ಅನಿಸಿಕೆ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇಂಥ ಅವಿಭಾಜ್ಯಗಳ ತನ್ನ ಪಟ್ಟಿಯಲ್ಲೂ 31 ಸೇರಿಸ್ದ, ಆಗ್ಲೂ ಪ್ರೂಫ್ ಇಲ್ಲ.

ಪ್ರೂಫ್ ಕೊಟ್ಟಿದ್ದು ಗಣಿತಜ್ಞ ಆಯ್ಲರ್, 1772ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಲ್ಲಿ, ಅಷ್ಟೊತ್ತಿಗೆ ಅವನಿಗೆ ಕಣ್ಣೇ ಹೆಚ್ಚುಕಮ್ಮಿ ಕಾಣ್ತಿರ್ಲಿಲ್ಲ. ಒಂದು ಸಂಖ್ಯೆ ಅವಿಭಾಜ್ಯ ಹೌದಾ ಅಂತ ನೋಡೋಕೆ ಅದ್ರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ರೆ ಸಾಕು, ಇಲ್ಲಿ 46340ರ ತನಕ. ಆದ್ರೂ ಸುಮಾರು 4800 ಭಾಗಾಕಾರ ಆಗುತ್ತೆ, ಕೈಲಿ ಮಾಡೋರ ಗತಿ ಏನು? ಆಯ್ಲರ್ ಏನ್ ಮಾಡ್ದ ಅಂದ್ರೆ, ಇದನ್ನ ಭಾಗಿಸೋ ಅವಿಭಾಜ್ಯ ಯಾವ್ದಾದ್ರೂ ಇದ್ರೆ ಅದನ್ನ 248ರಿಂದ ಭಾಗಿಸ್ದಾಗ ಶೇಷ 1 ಇಲ್ಲಾ 63 ಬರ್ಲೇಬೇಕು ಅಂತ ತೋರಿಸ್ದ, ಅಲ್ಲಿಗೆ ಮಿಕ್ಕವೆಲ್ಲಾ ಔಟ್, ನೋಡ್ಬೇಕಾದ್ದು ನೂರರೊಳಗೆ ಬಂತು. ಒಂದೂ ಭಾಗ ಹೋಗ್ಲಿಲ್ಲ.

ಆಮೇಲೆ ಎಷ್ಟೋ ದಶಕ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ. ಇದ್ರಿಂದ ಹುಟ್ಟೋ ಒಂದು ಪರಿಪೂರ್ಣ ಸಂಖ್ಯೆ (ತನ್ನನ್ನ ಬಿಟ್ಟು ಉಳಿದ ಭಾಜಕಗಳನ್ನೆಲ್ಲಾ ಕೂಡಿದ್ರೆ ತಾನೇ ಸಿಗೋದು, 6 = 1+2+3 ಥರ) ಇದೆ, 19 ಅಂಕಿದು. 1811ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ ಅದ್ರ ಬಗ್ಗೆ ಬರೀತಾ, ಇವೆಲ್ಲಾ ಬರೀ ಕುತೂಹಲಕ್ಕೆ, ಉಪಯೋಗ ಏನಿಲ್ಲ, ಇದಕ್ಕಿಂತ ದೊಡ್ಡದನ್ನ ಹುಡುಕೋಕೆ ಯಾರೂ ಹೋಗೋದಿಲ್ಲ ಅನ್ನೋ ಅರ್ಥದಲ್ಲಿ ಹೇಳ್ದ. ಪಾಪ.

ಕಂಪ್ಯೂಟರ್ ಬಂತು. ಅದು ನಂಬರನ್ನ ಬಿಟ್ಟುಗಳಲ್ಲಿ, ಅಂದ್ರೆ 0 ಇಲ್ಲಾ 1 ಹಿಡಿಯೋ ಮನೆಗಳಲ್ಲಿ ಇಡುತ್ತೆ. 32 ಬಿಟ್‌ನಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಹೇಳೋಕೆ ಹೋದ್ರೆ ಉಳಿಯೋದು 31, ಅದ್ರಲ್ಲಿ ಹಿಡಿಸೋ ಅತಿ ದೊಡ್ಡ ನಂಬರ್ ಇದೇ. ಇಲ್ಲಿ ಅವಿಭಾಜ್ಯ ಆಗಿರೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ ಅಷ್ಟೇ. ಆದ್ರೆ ರ್‍ಯಾಂಡಮ್ ನಂಬರ್ (ಕ್ರಮವೇ ಇಲ್ಲದಂತೆ ಕಾಣೋ ನಂಬರ್) ತಯಾರಿಸೋಕೆ ಆ ಗುಣಾನೇ ಬೇಕಾಯ್ತು: ಒಂದು ನಂಬರನ್ನ 16807ರಿಂದ ಗುಣಿಸಿ, ನಮ್ ನಂಬರಿಂದ ಭಾಗಿಸಿ ಶೇಷ ಇಟ್ಕೊಂಡು, ಮತ್ತೆ ಅದನ್ನೇ ಗುಣಿಸ್ತಾ ಹೋದ್ರೆ, 1ರಿಂದ 2147483646ರ ತನಕ ಒಂದನ್ನೂ ಬಿಡದೆ ಎಲ್ಲಾ ಬಂದ್ಮೇಲೇ ಶುರುವಾದಲ್ಲಿಗೆ ವಾಪಸ್ ಬರುತ್ತೆ. 1988ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಪಾರ್ಕ್ ಮತ್ತು ಮಿಲ್ಲರ್ ಇದನ್ನ ಕನಿಷ್ಠ ಮಟ್ಟದ ಸ್ಟ್ಯಾಂಡರ್ಡ್ ಆಗಿಟ್ಕೊಳ್ಳಿ ಅಂತ ಸೂಚಿಸಿದ್ರು.

2014ರ ಡಿಸೆಂಬರಲ್ಲಿ ಗಂಗ್ನಮ್ ಸ್ಟೈಲ್ ಹಾಡಿನ ವ್ಯೂಸ್ ಈ ಗಡಿ ದಾಟಿ, ಯೂಟ್ಯೂಬ್ ಕೌಂಟರ್ 64 ಬಿಟ್‌ಗೆ ಹೋಗಿದ್ದು ಎಲ್ರಿಗೂ ಸುದ್ದಿಯಾಯ್ತು. ಅದು ತಮಾಷೆ, ಗಡಿಯಾರದ್ದು ತಮಾಷೆ ಅಲ್ಲ. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಮಾದರಿ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡ್ ಎಣಿಸ್ತಾ ಬಂದಿವೆ, 2038ರ ಜನವರಿ 19, ಮಂಗಳವಾರ ಬೆಳಿಗ್ಗೆ ನಮ್ ಟೈಮ್ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ 2147483647 ಆಗುತ್ತೆ. ಹೊಸ ಫೋನು, ಸರ್ವರುಗಳು ಬಹುತೇಕ 64 ಬಿಟ್‌ಗೆ ಬಂದಾಗಿದೆ. ಎಲ್ಲೋ ಮೆಷಿನ್ ಒಳಗೆ ಸೇರ್ಕೊಂಡಿರೋ ಹಳೇ 32 ಬಿಟ್ ಗಡಿಯಾರಗಳು ಮಾತ್ರ ಮುಂದಿನ ಸೆಕೆಂಡಿಗೆ ಎಣಿಕೆ ಮೈನಸ್ಸಿಗೆ ತಿರುಗಿ 1901ರ ಡಿಸೆಂಬರ್‌ಗೆ ಹಾರ್ತವೆ.